ಎದುರು ಕೋಣೆಯವಳು

ಮಗಳು ತಾಯಿಯ ತಲೆ ಬಾಚುತ್ತಿದ್ದಳು. ಬಾಚಣಿಗೆ ಸಿಕ್ಕಿಗೆ ತಗಲಿದಾಗ ನೋಯಬಾರದೆಂದು ಕೈ ತಾನಾಗಿ ತಡೆಯಿತು. ಅಷ್ಟರಲ್ಲಿ ಅಪರಿಚಿತ ಮುದುಕಿಯೊಬ್ಬರು ಊರುಗೋಲು ಹಿಡಿದು ಬಾಗಿಲಲ್ಲಿ ನಿಂತರು.

“ಯಾರು ಬೇಕಿತ್ತು?” ಎಂದರು ಸೋದರಮಾವ.

“ಇವಳೇ. ಬಂದರು ಆಫೀಸಲ್ಲಿ ಜೊತೆಗಿದ್ವಿ.”

ಮಗಳಿಗೆ ಅಚ್ಚರಿಯಾಯಿತು. ಮುಂದಿನ ವರ್ಷ ಸಮುದ್ರ ಯಾವ ಹೊತ್ತಿಗೆ ಉಬ್ಬುತ್ತದೆ, ಇಳಿಯುತ್ತದೆ ಎಂದು ದಿನವಿಡೀ ಲೆಕ್ಕ ಹಾಕಿ ಮನೆಗೆ ಬರುತ್ತಿದ್ದ ಅಮ್ಮ ಆಫೀಸಿನ ಸುದ್ದಿ ಎತ್ತಿದವಳೇ ಅಲ್ಲ. ‘ಅಕ್ಕ ಮಾತನ್ನೂ ಲೆಕ್ಕ ಹಾಕಿ ಆಡ್ತಾಳೆ’ ಎಂದು ಮಾವ ರೇಗಿಸುವುದಿತ್ತು.

“ಒಂದೇ ಕೋಣೇಲಿ ಇದ್ರಾ?”

“ಇಲ್ಲಮ್ಮ, ಎದುರು ಕೋಣೆ. ಒಂದೇ ಲೆಕ್ಕ ಇಬ್ಬರಿಗೂ ಕೊಡೋರು. ಇಬ್ಬರ ಉತ್ತರ ಕೂಡಿಬಂದ್ರೆ ಸರಿ ಅಂತ. ಮಾತಾಡೋ ಹಾಗಿರಲಿಲ್ಲ.” ಮುದುಕಿ ಉಸ್ಸೆಂದು ಕುಳಿತರು. “ನಿಮ್ಮಣ್ಣ ಹೋದಾಗ ಮಾತಾಡಿದ್ವಿ.”

*

ಮಗಳು ಹುಟ್ಟುವ ಮುಂಚಿನ ಮಾತು. ಚೊಚ್ಚಲ ಮಗು ಜ್ವರಕ್ಕೆ ಬಲಿಯಾದ ವಾರವೇ ತಾಯಿ ಕೆಲಸಕ್ಕೆ ಬಂದಳು. ಕಣ್ಣಲ್ಲಿ ಹನಿ ನೀರಿಲ್ಲ. ಆದರೆ ಉತ್ತರಗಳು ದಿನದಿನವೂ ತಪ್ಪತೊಡಗಿದವು.

“ನಾಳೆಯಿಂದ ಬರೋದು ಬೇಡ” ಎಂದ ಮೇಲ್ವಿಚಾರಕ.

ಎದುರು ಕೋಣೆಯವಳು ಎದ್ದು ಬಂದಳು. “ಅವಳು ಹೋದ್ರೆ ನಾನೂ ಹೊರಟೆ. ಆಮೇಲೆ ನೀವೇ ಕೂತು ಕೂಡಿಸ್ಕೊಳ್ಳಿ.”

ಆತ ತನ್ನ ಮೇಜಿಗೆ ಮರಳಿದ. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತು, ಮಗುವಿಗೆ ಕಲಿಸುವಂತೆ ಒಂದೊಂದೇ ಅಂಕಿ ಓದಿದಳು.

“ಎಂಟು, ಏಳು?”

“ಹದಿನೈದು.”

“ಐದು ಬರಿ. ಕೈಯಲ್ಲಿ ಎಷ್ಟು ಉಳೀತು?”

ಆಕೆ ತನ್ನ ಬರಿಗೈಯನ್ನೇ ನೋಡಿದಳು. ಮರುಕ್ಷಣ ಇಡೀ ಆಫೀಸಿಗೆ ಕೇಳುವಂತೆ ಗೋಳೋ ಎಂದು ಅತ್ತಳು.

*

“ಅಮ್ಮ ಅತ್ತಿದ್ದಳಾ?” ಮಗಳು ಬಾಚಣಿಗೆ ಕೆಳಗಿಟ್ಟಳು. “ಕಲ್ಲು ಅಂದ್ಕೊಂಡಿದ್ದೆ. ಒಂದ್ಸಲ ಮುಖಕ್ಕೇ ಅಂದುಬಿಟ್ಟಿದ್ದೆ.”

“ಹೇಳಿದ್ದಳು” ಎಂದರು ಮುದುಕಿ. “‘ನನ್ನ ಮಗಳಿಗಾದ್ರೂ ಬಾಯಿದೆ’ ಅಂತ ನಕ್ಕಳು. ಆಮೇಲೆ ಯಂತ್ರ ಬಂತು. ಇಬ್ಬರನ್ನೂ ಒಟ್ಟಿಗೇ ಮನೆಗೆ ಕಳಿಸಿದ್ರು.”

ಹೊರಗೆ ಸ್ಮಶಾನಕ್ಕೆ ಒಯ್ಯುವ ಗಾಡಿಯವನು ಹಾರ್ನ್ ಹೊಡೆದ. ಮಾವ ಗಡಿಬಿಡಿಯಿಂದ ಒಳಬಂದರು.

“ಸ್ವಲ್ಪ ಕಾಯೋಕೆ ಹೇಳಿ ಮಾವ” ಎಂದಳು ಮಗಳು.

ಮುದುಕಿ ಗೆಳತಿಯ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನಡುಬೆರಳಲ್ಲಿ ಪೆನ್ನು ಒತ್ತಿ ಒತ್ತಿ ಬಿದ್ದ ಕುಳಿ ಇನ್ನೂ ಇತ್ತು. ಶಾಯಿ ಮೆತ್ತಿಕೊಂಡು ಬಂದ ಮಗುವಿನ ಬೆರಳನ್ನು ಒರೆಸುವಂತೆ, ಮುದುಕಿ ಕರವಸ್ತ್ರದ ತುದಿಯಿಂದ ಆ ಕುಳಿಯನ್ನು ಮೆಲ್ಲಗೆ ತಿಕ್ಕುತ್ತಲೇ ಇದ್ದರು.