ಹೆಡೂಲೆ ಕಟ್ಟಿದ ಬೆಳ್ಳಿ ಕಣ್ಣು

ಅಥೆನ್ಸಿನಲ್ಲಿ ನಮ್ಮ ವೈದ್ಯದೇವರ ಗುಡಿಯ ಗೋಡೆಯ ಮೇಲೆ ಜಾಗವೇ ಉಳಿದಿರಲಿಲ್ಲ. ವಾಸಿಯಾದವರು ಹರಕೆ ಕಟ್ಟಿದ ಬೆಳ್ಳಿಯ ಕೈ, ಕಾಲು, ಕಣ್ಣುಗಳನ್ನೆಲ್ಲ ಕರಗಿಸಿ ದೇವರಿಗೊಂದು ಹೂಜಿ ಮಾಡಿಸಬೇಕೆಂದು ಊರಸಭೆ ತೀರ್ಮಾನಿಸಿತು. ಕರಗಿಸುವ ಮುನ್ನ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ವಾಡಿಕೆ. ಯಾರದೆಂದು ತಿಳಿಯದಿದ್ದರೆ ‘ಹೆಸರಿಲ್ಲ’ ಎಂದೇ ಕೆತ್ತುತ್ತಾರೆ.

ಪಟ್ಟಿ ಬರೆಯುವ ಫಿಲೋನನ ಎದುರು ಮೆಲಿತ್ತಾ ಬೆಳಗಿನಿಂದ ನಿಂತಿದ್ದಳು. ಅವಳು ಚಿಕ್ಕವಳಿದ್ದಾಗಲೇ ತಾಯಿ ಹೆಡೂಲೆ ಹಡಗು ಮುಳುಗಿ ಸತ್ತಿದ್ದಳು. ಸಮಾಧಿಯಿಲ್ಲ, ಆ ಹೆಸರು ಹೊತ್ತ ಒಂದು ಕಲ್ಲೂ ಇಲ್ಲ.

“ಅಮ್ಮ ಇಲ್ಲಿ ಕಣ್ಣು ಕಟ್ಟಿದ್ಲು ಅಂತ ಚಿಕ್ಕಮ್ಮ ಹೇಳಿದ್ಲು ಅಣ್ಣಾ. ಅದೇ ಇರ್ಬೇಕು, ಆ ದೊಡ್ಡದು.”

“ಹೆಸರಿಲ್ಲದ ಕಣ್ಣು ಮೂರಿವೆ ತಾಯಿ. ಬಂದವರೆಲ್ಲ ದೊಡ್ಡದನ್ನೇ ತೋರಿಸ್ತಾರೆ,” ಎಂದು ಫಿಲೋನ ನಕ್ಕ. ಗುಡಿಸುತ್ತಿದ್ದ ನನ್ನ ಕಡೆ ತಿರುಗಿದ. “ಏನಜ್ಜಿ, ನೀನು ಮೊದಲಿಂದ ಇಲ್ಲೇ ಇದ್ದೀಯ. ಹೌದು ಅಂದ್ಬಿಡು, ಬರ್ಕೋತೀನಿ.”

ಮೆಲಿತ್ತಾ ನನ್ನನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು. ಆದರೆ ಎದುರಿಗೆ ದೇವರಿದ್ದ.

“ಅದಲ್ಲ ಕಣಪ್ಪ,” ಎಂದೆ.

ಅವಳ ಮುಖ ಬಾಡಿತು.

ನಮ್ಮಲ್ಲಿ ಯಾರೂ ಮನಸ್ಸಿನೊಳಗೆ ಬೇಡಿಕೊಳ್ಳುವುದಿಲ್ಲ, ಬಾಯಿಬಿಟ್ಟೇ ಹೇಳುತ್ತಾರೆ. ಚಿಕ್ಕಂದಿನಿಂದ ವೀರರ ಪದ್ಯ ಕೇಳಿ ಬೆಳೆದ ನನ್ನ ಕಿವಿ, ಕೇಳಿದ್ದನ್ನು ಬಿಡುವುದಿಲ್ಲ. ಗೋಡೆಯಿಂದ ಇಳಿಸಿದ ಹರಕೆಗಳ ಬುಟ್ಟಿಯಲ್ಲಿ ಕೈಯಾಡಿಸಿ, ಎಲೆಯಷ್ಟು ತೆಳುವಾದ ಒಂದು ಕಣ್ಣನ್ನು ತೆಗೆದೆ. ಅದರ ಅಂಚಿನಲ್ಲಿ ಎರಡು ಪುಟ್ಟ ಕುಳಿಗಳಿದ್ದವು.

“ಅದಾ? ಇಲಿ ಕಡಿದಿದೆ ಅದನ್ನ,” ಎಂದ ಫಿಲೋನ.

“ಇಲಿಯಲ್ಲ, ಇವಳೇ! ಹೆಡೂಲೆ ಸೊಂಟದ ಮೇಲೆ ಕೂಸು ಎತ್ಕೊಂಡು ಬಂದಿದ್ಲು. ‘ಅಪ್ಪಾ, ನನ್ನ ಮಗಳ ಕಣ್ಣು ಉಳಿಸಿದೆ, ಈ ಹೆಡೂಲೆ ಮಾತು ತಪ್ಪಿಲ್ಲ ನೋಡು’ ಅಂತಿದ್ಲು. ಅಷ್ಟರಲ್ಲಿ ಕೂಸು ಹರಕೆನೇ ಬಾಯಿಗೆ ಹಾಕ್ಕೊಂಡು ಕಚ್ಚಿಬಿಡ್ತು. ಬಿಡಿಸೋಕೆ ನಾನೂ ಕೈಹಾಕ್ಬೇಕಾಯ್ತು. ನನ್ನ ಬೆರಳನ್ನೂ ಬಿಡ್ಲಿಲ್ಲ ಇವಳು.”

ಮೆಲಿತ್ತಾ ಆ ಕುಳಿಗಳನ್ನು ಬೆರಳಿನಿಂದ ಸವರಿದಳು. “ಅಮ್ಮಂಗೇ ಏನೋ ಕಣ್ಣುಬೇನೆ ಇತ್ತು ಅನ್ಕೊಂಡಿದ್ದೆ ಅಜ್ಜಿ.”

ಫಿಲೋನ ಮೇಣದ ಹಲಗೆಯ ಮೇಲೆ ಬರೆದು ಗಟ್ಟಿಯಾಗಿ ಓದಿದ. “ಕಣ್ಣು, ಬೆಳ್ಳಿ, ಚಿಕ್ಕದು. ಹೆಡೂಲೆ ಕೊಟ್ಟದ್ದು, ಮಗಳಿಗಾಗಿ.”

“ಅಮ್ಮನ ಹೆಸರು ಒಂಚೂರು ದೊಡ್ಡದಾಗಿ ಕೆತ್ತಿಸ್ತೀರಾ ಅಣ್ಣಾ?”

“ಕಲ್ಲಲ್ಲಿ ಎಲ್ರಿಗೂ ಒಂದೇ ಅಳತೆ ತಾಯಿ. ಸೇನಾಪತಿಗೂ ಅಷ್ಟೇ.”

“ಹಾಗಾದ್ರೆ ಸರಿ,” ಎಂದು ಮೆಲಿತ್ತಾ ಆ ಕಣ್ಣನ್ನು ಕರಗಿಸಲು ಇಟ್ಟಿದ್ದ ಬುಟ್ಟಿಗೆ ತಾನೇ ಹಾಕಿದಳು.