ಹತ್ತನೆಯ ಅಂಕಿ

ಅಮ್ಮನಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಮೂವತ್ತು ವರ್ಷ ಗಣಿತದ ಟೀಚರಾಗಿ ಗಂಟಲು ಹರಿದುಕೊಂಡವಳು ಈಗ ನರ್ಸಿನ ಮುಂದೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಣ್ಣ ಆಸ್ಪತ್ರೆಗೆ ಹೋದರೂ ಮೌನವೇ. ನಾನು ಒಳಗೆ ಕಾಲಿಟ್ಟರೆ ಮಾತ್ರ ಶುರು: "ಮೂರು, ಎಂಟು, ಒಂದು, ಆರು, ಐದು, ನಾಲ್ಕು, ಏಳು, ಎರಡು, ಒಂಬತ್ತು." ಅಷ್ಟು ಹೇಳಿ ಹುಬ್ಬೇರಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಮ್ಮಮ್ಮನಿಗೆ ನನ್ನ ಗುರುತು ಸಿಗುತ್ತಾ ಡಾಕ್ಟ್ರೇ?"

"ಹೇಳೋಕಾಗಲ್ಲಮ್ಮ. ಹಳೇದೇನೋ ಬಾಯಿಗೆ ಬರ್ತಿದೆ, ಅಷ್ಟೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ಅಷ್ಟೆ ಅಂದರೇನು? ನನ್ನ ಹೆತ್ತವಳಿಗೆ ನಾನು ಯಾರೆಂದು ಗೊತ್ತೋ ಇಲ್ಲವೋ, ಅದನ್ನು ತಿಳಿಯದೆ ನನಗೆ ಅನ್ನ ಸೇರುತ್ತಿರಲಿಲ್ಲ.

ಇದು ಯಾವುದೋ ದೂರದೂರಿನ ಲ್ಯಾಂಡ್‌ಲೈನ್ ನಂಬರೇ, ಕೊನೆಯ ಅಂಕಿಯನ್ನು ಮರೆತಿದ್ದಾಳೆ, ಯಾರನ್ನೋ ಕರೆಸು ಅನ್ನುತ್ತಿದ್ದಾಳೆ ಎಂದು ಅಣ್ಣನಿಗೂ ಹೇಳದೆ ತೀರ್ಮಾನಿಸಿದೆ. ನನ್ನ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ಒಂಬತ್ತೂ ಅಂಕಿ ಬರೆದುಕೊಂಡು, ಕೊನೆಗೆ ಒಂದು ಸೇರಿಸಿ ಒತ್ತಿದೆ, ಆಮೇಲೆ ಎರಡು, ಆಮೇಲೆ ಮೂರು. ಎಷ್ಟೋ ನಂಬರುಗಳು ಚಾಲ್ತಿಯಲ್ಲೇ ಇರಲಿಲ್ಲ. ಒಬ್ಬ ಬೈದ. ನಾನೇನು ಸುಮ್ಮನಿರುವವಳೇ, ಎರಡರಷ್ಟು ಬೈದೆ.

ಒಂಬತ್ತು ಮುಗಿಸುವ ಹೊತ್ತಿಗೆ ಅಣ್ಣ ಪ್ಯಾಂಟಿನ ಜಿಪ್ ಹಾಕಿಸಲು ಬಂದ. ಮೇಜು ನೋಡಿ ಅಲ್ಲೇ ನಿಂತ.

"ಯಾರಿಗೆ ಫೋನ್ ಮಾಡ್ತಿದ್ಯೇ?"

"ಈ ನಂಬರಿನವರಿಗೆ."

"ಗೂಬೆ! ಇದು ಅಮ್ಮನ ಸಂಖ್ಯೆ ಕಣೇ."

ಅಂಗೈಯಿಂದ ಅಂಕಿಗಳನ್ನೆಲ್ಲ ಮುಚ್ಚಿ ಒಂದೊಂದೇ ತೆರೆದ. "ಮೊದಲ ಎರಡು ಅಂಕಿ, ಮೂವತ್ತೆಂಟು. ಎರಡರಿಂದ ಭಾಗಿಸು, ಏನೂ ಉಳಿಯಲ್ಲ. ಮೂರು ಅಂಕಿ, ಮುನ್ನೂರ ಎಂಬತ್ತೊಂದು. ಮೂರರಿಂದ ಭಾಗಿಸು, ಏನೂ ಉಳಿಯಲ್ಲ. ನಾಲ್ಕು ತೆಗೆದರೆ ನಾಲ್ಕರಿಂದ, ಐದು ತೆಗೆದರೆ ಐದರಿಂದ, ಹೀಗೇ ಒಂಬತ್ತರವರೆಗೂ. ಒಂದರಿಂದ ಒಂಬತ್ತು ಅಂಕಿನ ಒಂದೊಂದೇ ಸಲ ಬಳಸಿ ಹೀಗೆ ಬರೋದು ಇದೊಂದೇ ಸಂಖ್ಯೆ ಅಂತ ಅಮ್ಮ ಕುಣೀತಿದ್ಲು. ಮನೇಲಿ ಆಟ ಆಡಿಸೋಳು, ಏಳರಿಂದ ಭಾಗಿಸೋ ಸರದಿ ಯಾವಾಗ್ಲೂ ನಂದು. ಬೆವರು ಕಿತ್ಕೊಂಡು ಬರ್ತಿತ್ತು."

"ನಾನೆಲ್ಲಿದ್ದೆ?"

"ಅಮ್ಮನ ತೊಡೆ ಮೇಲೆ. ನಾಲ್ಕು ವರ್ಷ ನಿಂಗೆ, ಭಾಗಾಕಾರ ಎಲ್ಲಿ ಬರಬೇಕು? ನಾನೂ ಆಡ್ತೀನಿ ಅಂತ ಒಂದೇ ರಂಪ. ಅದಕ್ಕೇ ಅಮ್ಮ ಹತ್ತನೇ ಜಾಗ ನಿಂಗೆ ಬಿಟ್ಲು. ಕೊನೆಗೆ ಸೊನ್ನೆ ಹಾಕಿದ್ರೆ ಹತ್ತರಿಂದ ತಾನಾಗೇ ಭಾಗ ಹೋಗುತ್ತಲ್ಲ. ಒಂಬತ್ತರವರೆಗೂ ಹೇಳಿ ನಿನ್ನ ಮುಖ ನೋಡೋಳು. ನೀನು ಕಿರುಚೋದು. ಅದನ್ನ ಬೇರೆ ಯಾರಾದ್ರೂ ಹೇಳಿಬಿಟ್ರೆ ಮೂರು ದಿನ ಅಳ್ತಿದ್ದೆ."

ಎರಡು ತಿಂಗಳಿಂದ ಅಮ್ಮ ನನ್ನ ಜಾಗ ಬಿಟ್ಟು ಕಾಯುತ್ತಿದ್ದಳು, ನಾನು ಊರವರಿಗೆಲ್ಲ ಫೋನ್ ಮಾಡುತ್ತಿದ್ದೆ. ಸೀಮೆಸುಣ್ಣವನ್ನು ಅಲ್ಲೇ ಎಸೆದು ಆಸ್ಪತ್ರೆಗೆ ಓಡಿದೆ.

ಅಮ್ಮ ಕಿಟಕಿಯ ಕಡೆ ತಿರುಗಿ ಮಲಗಿದ್ದಳು. ನನ್ನನ್ನು ಕಂಡು ಶುರುಮಾಡಿದಳು. ಒಂಬತ್ತಕ್ಕೆ ನಿಲ್ಲಿಸಿ ಹುಬ್ಬೇರಿಸಿದಳು.

"ಸೊನ್ನೆ," ಎಂದೆ.

"ಶೇಷ?" ಎಂದಳು ಅಮ್ಮ. ಎರಡು ತಿಂಗಳಲ್ಲಿ ಅಂಕಿಯಲ್ಲದ ಮೊದಲ ಮಾತು.

"ಏನೂ ಇಲ್ಲಮ್ಮ."

ಅವಳು ಚೆನ್ನಾಗಿದ್ದ ಕೈಯನ್ನು ಮೆಲ್ಲಗೆ ಎತ್ತಿ ನನ್ನ ಕೆನ್ನೆ ಸವರಿದಳು. ಆಮೇಲೆ ಕಿವಿ ಹಿಂಡಿದಳು. ತಡವಾಗಿ ಉತ್ತರ ಹೇಳಿದವರಿಗೆ ಅವಳ ತರಗತಿಯಲ್ಲಿ ಸಿಗುತ್ತಿದ್ದುದು ಅದೇ.