ಹಂಚಿಲ್ಲದ ಮನೆ

ಕವಿತೆ ಬರೆಯುವುದು ಹೇಗೆಂಬುದರ ಮೇಲೆಯೇ ಕವಿತೆ ಬರೆಯುವ ಗಂಡನನ್ನು ಕಟ್ಟಿಕೊಂಡವಳ ಪಾಡು ನಾಯಿಗೂ ಬೇಡ. ಕಾರವಾರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಭರತ ಬರೆಯುವುದೂ ಇಂಗ್ಲಿಷಿನಲ್ಲೇ. ಖಾಲಿ ಹಾಳೆಯ ಮೇಲೊಂದು ಕವಿತೆ, ಸಿಗದ ಪದದ ಮೇಲೊಂದು, ಹೊಡೆದು ಹಾಕಿದ ಸಾಲಿನ ಮೇಲೆ ಮತ್ತೊಂದು.

"ಊಟಕ್ಕೆ ಬಡಿಸೂದು ಬಿಟ್ಟು ಬರೀ ಬಾಳೆಲೆ ತೊಳೀತಾ ಕೂತಂಗಾಯ್ತು ನಿಮ್ದು" ಎಂದು ದೀಕ್ಷಾ ಎಷ್ಟು ರೇಗಿದರೂ ಅವನದು ಒಂದೇ ಉತ್ತರ: "ಈಗ ಇಂಗ್ಲಿಷಲ್ಲಿ ಎಲ್ರೂ ಇದ್ನೇ ಬರೀತ್ರು. ನಿಂಗೆ ತಿಳೂದಿಲ್ಲ."

ತಿಳಿಯದೆ ಏನು! ಅವಳೂ ಬಿ.ಎ. ಮಾಡಿದವಳು. ಅಂಕೋಲೆಯ ಕವಿಗೋಷ್ಠಿಗೆ ಹೊರಡುವ ಭಾನುವಾರ ಬೆಳಿಗ್ಗೆ ಅವನು ಕನ್ನಡಿ ಮುಂದೆ ನಿಂತು ಹೊಸ ಕವಿತೆ ಓದಿಕೊಳ್ಳುತ್ತಿದ್ದ. ಅದು ಕಿವಿಗೆ ಬಿದ್ದದ್ದೇ ಅವಳ ಸಟ್ಟುಗ ಕಾವಲಿಯ ಮೇಲೇ ನಿಂತಿತು. ಕವಿತೆಯಲ್ಲಿ ಅವಳ ಹೆತ್ತ ಆಯಿ ಇದ್ದಳು.

ಚೆಂಡಿಯಾ ಊರಿನ ತವರುಮನೆ ನೌಕಾನೆಲೆಯ ಜಾಗಕ್ಕೆ ಹೋದಾಗ ಎಲ್ಲರೂ ಹಂಚು, ಬಾಗಿಲು ಬಿಚ್ಚಿಕೊಂಡು ಪುನರ್ವಸತಿ ಕಾಲೋನಿಗೆ ಬಂದಿದ್ದರು. ಆಮೇಲೊಂದು ದಿನ ಆಯಿ ಗಂಗೂ ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಹೋಗಿ, ಹಂಚಿಲ್ಲದ ಆ ಮನೆಯ ನೆಲಕ್ಕೆ ಸಗಣಿ ಸಾರಿಸಿ, ರಂಗೋಲಿ ಇಟ್ಟು ಬಂದಳು. ಹೇಳಿದ್ದು ಮಗಳೊಬ್ಬಳಿಗೆ. "ಮಳ್ಳು ಹಿಡೀತು ಹೇಳಿ ನಗಾಡ್ತ್ರು ಮಗಾ, ಯಾರ ಹತ್ರೂ ಬಾಯಿ ಬಿಡಬೇಡ." ಮಗಳು ಬಾಯಿ ಬಿಟ್ಟಳು, ಗಂಡನ ಹತ್ತಿರ. ಗಂಡನ ಹತ್ತಿರವೂ ಹೇಳಬಾರದು ಅಂದರೆ ಮದುವೆ ಯಾತಕ್ಕೆ?

"ಇದ್ನ ಓದ್ಬೇಡಿ. ಇವತ್ತು ಆಯೀನೂ ಬರ್ತದೆ."

"ಅತ್ತೆ ಬಗ್ಗೆ ಅಲ್ವೇ ಮಾರಾಯ್ತಿ ಅದು! ಮುಗಿದ ಕವಿತೆ ಮತ್ತೆ ಮತ್ತೆ ತಿದ್ದೂದರ ಬಗ್ಗೆ. ಅದೊಂದು ಪ್ರೊಸೆಸ್."

ಪ್ರೊಸೆಸ್ಸಂತೆ, ಪ್ರೊಸೆಸ್ಸು! ದೋಸೆ ಸೀದು ಹೋಯಿತು.

"ಇಂಗ್ಲಿಷಲ್ಲಿ ಓದಿದ್ರೆ ಅವ್ರಿಗೆ ಹೆಂಗೆ ಗೊತ್ತಾಗ್ತದೆ?" ಅಂದ ಭರತ. ಅವಳು ಸೀದ ದೋಸೆ ಕೆರೆದು ತೆಗೆದು ಹೊಸ ಹಿಟ್ಟು ಹೊಯ್ದಳು. ಅದೂ ಹೌದು ಅನ್ನಿಸಿತ್ತು, ಹಾಳಾದ್ದು.

ಅಳಿಯ ಓದುವುದನ್ನು ಕೇಳಲೆಂದು ಗಂಗೂ ಕಾಲೋನಿಯ ಹೆಂಗಸರನ್ನೂ ಕರೆತಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಭರತ ಓದಿದ. ಒಂದಕ್ಷರ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ. ಬದುಕಿದೆ ಅಂದುಕೊಂಡಳು ದೀಕ್ಷಾ.

ಆದರೆ ನಮ್ಮ ಕಡೆಯ ಸಭೆಗಳಿಗೆ ಅಧ್ಯಕ್ಷರು ಅಂತ ಒಬ್ಬರಿರುತ್ತಾರಲ್ಲ, ಎಲ್ಲರೂ ಓದಿದ್ದನ್ನು ಮತ್ತೊಮ್ಮೆ ಬಿಡಿಸಿ ಹೇಳದೆ ಅವರು ಯಾರನ್ನೂ ಮನೆಗೆ ಕಳಿಸುವವರಲ್ಲ. ನಿವೃತ್ತ ಹೆಡ್‌ಮಾಸ್ತರ್ ಶಾಂತಾರಾಮರು ಮೈಕು ಹಿಡಿದರು.

"ಭರತರ ಕವಿತೆ ಇಂಗ್ಲಿಷ್ ಬಾರದ ತಾಯಂದಿರಿಗೂ ಮುಟ್ಟಬೇಕು. ಚೆಂಡಿಯಾದಲ್ಲಿ ಒಬ್ಬ ಹೆಂಗಸು, ಮನೆ ಹೋದ ಮೇಲೂ ಕದ್ದು ಹೋಗಿ, ಹಂಚಿಲ್ಲದ ನೆಲ ಸಾರಿಸ್ತಾಳಂತೆ. ಒಂದು ಮಳೆಗೆ ತೊಳೆದು ಹೋಗುವ ನೆಲ! ಕವಿಯೂ ಅಂಥದೇ ಮಳ್ಳ ಅಂತಾರೆ ನಮ್ಮ ಭರತ."

ಸಭೆ ಘೊಳ್ಳೆಂದು ನಕ್ಕಿತು. ಕಾಲೋನಿಯ ಹೆಂಗಸರೂ ನಕ್ಕರು. ಒಬ್ಬಳಂತೂ ಗಂಗೂಳನ್ನೇ ತಿವಿದು, "ಯಾರೇ ಅದು, ನಮ್ಮೂರಿನ ಮಳ್ಳಿ?" ಅಂದಳು.

ಗಂಗೂ ಕೂಡ ನಕ್ಕಳು. "ಯಾರೋ ಏನೋ" ಅಂದಳು.

ದೀಕ್ಷಾಳಿಗೆ ಕೂತ ಕುರ್ಚಿಯೇ ಮುಳ್ಳಾಯಿತು. ಆಡಿದ ಮಾತು ಎಲ್ಲಿಗೆ ಹೋಗಿ ಎಲ್ಲಿಗೆ ಬಂತು! ಗಂಡನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ಪಾಲು ತನ್ನ ಮೇಲೇ ಆಗಿತ್ತು, ಅದೇ ಹೆಚ್ಚು ಉರಿಯುತ್ತಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಭರತ ಹಿಗ್ಗಿ ಹೋಗಿದ್ದ. "ನೋಡ್ದ್ಯಾ, ಜನಕ್ಕೆ ಎಷ್ಟು ಚೊಲೋ ಮುಟ್ತು!"

"ಬಾಯಿ ಮುಚ್ಕಂಡು ನಿಲ್ಲಿ ಒಂದು ನಿಮಿಷ!" ಎಂದು ಅವಳು ಸಿಡಿದದ್ದಕ್ಕೆ ಪಕ್ಕದ ಹಣ್ಣಿನಂಗಡಿಯವನೂ ತಿರುಗಿ ನೋಡಿದ. ಅವಳು ಆಯಿಯ ಕೈ ಹಿಡಿದಳು. "ಆಯೀ, ನಾನು..."

"ಅಳಿಯಂದಿರು ಚೊಲೋ ಓದ್ರು" ಎಂದು ಗಂಗೂ ಮೆಲ್ಲಗೆ ಕೈ ಬಿಡಿಸಿಕೊಂಡು ಸೆರಗು ಸರಿ ಮಾಡಿಕೊಂಡಳು.

ಕಾಲೋನಿ ಕಡೆಯ ಬಸ್ಸು ಬಂತು. ಬೇರೆ ದಿನವಾದರೆ ಆಯಿ ಒಂದು ಕಾಲು ಮೆಟ್ಟಿಲ ಮೇಲಿಟ್ಟೂ ಮಾತು ನಿಲ್ಲಿಸುವವಳಲ್ಲ. ಯಾರ ಸೊಸೆ ತವರಿಗೆ ಹೋದಳು, ಯಾರ ನಲ್ಲಿಗೆ ನೀರಿಲ್ಲ, ಎಲ್ಲ ಮಗಳ ಕಿವಿಗೆ ಸುರಿದೇ ಹತ್ತುವವಳು. ಇವತ್ತು ದೀಕ್ಷಾ ತಾನಾಗಿಯೇ ಕೇಳಬೇಕಾಯಿತು.

"ಕಾಲೋನಿ ಸುದ್ದಿ ಎಂತದೆ ಆಯೀ?"

ಗಂಗೂ ಅಳಿಯನನ್ನೊಮ್ಮೆ ನೋಡಿದಳು, ಮಗಳನ್ನೊಮ್ಮೆ ನೋಡಿದಳು.

"ಎಂತ ಇಲ್ಲ ಮಗಾ. ನಿಂಗೆ ಹೇಳುವಂಥದ್ದು ಎಂತ ಇಲ್ಲ" ಅಂದು ಬಸ್ಸು ಹತ್ತಿ ಹೆಂಗಸರ ನಡುವೆ ಕೂತುಕೊಂಡಳು.